ಚೀನಾದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಹೋದರೆ ನಿಜಕ್ಕೂ ದುಡ್ಡು ಉಳಿಯುತ್ತಾ?

ಅತಿಥಿ ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕನಾಗಿದ್ದೇನೆ. ಎಂಎ, ಕೆ-ಸೆಟ್ ಎರಡೂ ಆಗಿದೆ. ವಯಸ್ಸು 34. ತಿಂಗಳಿಗೆ 30 ಸಾವಿರ ಚಿಲ್ಲರೆ ಬರುತ್ತದೆ, ಅದೂ ವರ್ಷಕ್ಕೆ 10 ತಿಂಗಳು ಮಾತ್ರ.

ಟೆಲಿಗ್ರಾಂನಲ್ಲಿ ಒಬ್ಬ ಏಜೆಂಟ್ ಪರಿಚಯವಾಗಿದ್ದಾನೆ. ಹೆನಾನ್ ಪ್ರಾಂತ್ಯದ ಝೆಂಗ್‌ಝೌದಲ್ಲಿ ಒಂದು ಶಿಶುವಿಹಾರ. ಇಂಗ್ಲಿಷ್ ಕಲಿಸೋದು, ತಿಂಗಳಿಗೆ 16,000 ಯುವಾನ್. ಯುವಾನ್‌ಗೆ 12 ರೂಪಾಯಿ ಅಂತ ಹಿಡಿದರೆ 1 ಲಕ್ಷ 92 ಸಾವಿರ. ಅವನ ಫೀಸು 1.8 ಲಕ್ಷ, ಅರ್ಧ ಮುಂಚೆಯೇ ಕೊಡಬೇಕು. ಮೊದಲು ಬಿಸಿನೆಸ್ ವೀಸಾದಲ್ಲಿ ಹೋಗಿ, ಕೆಲಸದ ವೀಸಾ ಅಲ್ಲೇ ಮಾಡಿಸಿಕೊಡ್ತೀವಿ ಅಂತಾನೆ. ನನ್ನ ಪ್ರಶ್ನೆ ಒಂದೇ. ಎಲ್ಲಾ ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತೆ? ಹೋಗಿ ಬಂದವರು ದಯವಿಟ್ಟು ಹೇಳಿ.

ಮನೆಯವರು ಇಲ್ಲೇ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಹೇಳಿಕೊಡ್ತಾರೆ. ಆರು ವರ್ಷದ ಮಗಳಿದ್ದಾಳೆ. ಮೊದಲು ನಾನೊಬ್ಬನೇ ಹೋಗೋ ಯೋಚನೆ.

ಸುಮ್ನೆ ಓದುಗ:

ಬಿಸಿನೆಸ್ ವೀಸಾ ಅಂತ ಓದಿದ ತಕ್ಷಣ ಕಾಫಿ ಲೋಟ ಕೆಳಗಿಟ್ಟೆ. ಬೇಡ ಸರ್.

ತುಂಗಾತೀರ:

ಮೇಷ್ಟ್ರೇ, ನಾನು ಸುಝೌದಲ್ಲಿ ಐದನೇ ವರ್ಷ ಇದ್ದೇನೆ. ಒಂದು ದ್ವಿಭಾಷಾ ಶಾಲೆಯಲ್ಲಿ ಕೇಂಬ್ರಿಡ್ಜ್ ಐಜಿಸಿಎಸ್‌ಇ (ನಮ್ಮ ಹತ್ತನೇ ತರಗತಿ ಮಟ್ಟದ ಬ್ರಿಟಿಷ್ ಪಠ್ಯಕ್ರಮ) ಗಣಿತ ಕಲಿಸುತ್ತೇನೆ. ಶಿವಮೊಗ್ಗ ಕಡೆಯವನು. ದುಡ್ಡಿನ ಮಾತು ಆಮೇಲೆ. ಮೊದಲು ವೀಸಾ.

ಚೀನಾದಲ್ಲಿ ಕೆಲಸ ಮಾಡೋಕೆ ಇರೋದು ಝಡ್ ವೀಸಾ. ಅದಕ್ಕೂ ಮೊದಲು, ನೀವು ಇನ್ನೂ ಊರಲ್ಲಿರುವಾಗಲೇ, ನಿಮ್ಮನ್ನು ಕರೆಸಿಕೊಳ್ಳುವ ಶಾಲೆ ಅಲ್ಲಿನ ಸರ್ಕಾರದಿಂದ ವರ್ಕ್ ಪರ್ಮಿಟ್ ನೋಟಿಫಿಕೇಶನ್ ಲೆಟರ್ ತೆಗೆಸಬೇಕು. ಅದನ್ನು ತೋರಿಸಿದರೇ ಝಡ್ ವೀಸಾ. ಅಲ್ಲಿ ಇಳಿದ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು. 'ಎಂ' ವೀಸಾ ವ್ಯಾಪಾರಕ್ಕೆ ಹೋಗಿ ಬರೋರಿಗೆ. ಅದರಲ್ಲಿ ಪಾಠ ಮಾಡಿದರೆ ಅದು ಕಾನೂನುಬಾಹಿರ ಕೆಲಸ. 2013ರ ಜುಲೈನಿಂದ ಜಾರಿಯಲ್ಲಿರುವ ಅವರ ಎಂಟ್ರಿ-ಎಕ್ಸಿಟ್ ಕಾನೂನಿನಲ್ಲಿ ಇದಕ್ಕೆ 5,000ದಿಂದ 20,000 ಯುವಾನ್ ದಂಡ ಇದೆ. ಪ್ರಕರಣ ಗಂಭೀರ ಅನಿಸಿದರೆ 5ರಿಂದ 15 ದಿನ ಕಸ್ಟಡಿ. ಆಮೇಲೆ ಗಡೀಪಾರು. ಏಜೆಂಟ್‌ಗೆ ಏನೂ ಆಗಲ್ಲ, ಅವನು ಟೆಲಿಗ್ರಾಂನಲ್ಲಿ ಹೆಸರು ಬದಲಾಯಿಸಿಕೊಳ್ತಾನೆ ಅಷ್ಟೇ.

ಎರಡನೇ ವಿಷಯ ಕೇಳೋಕೆ ಕಹಿ. ಅಲ್ಲಿ ನಿಮ್ಮ ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಅಂತ ಯಾರೂ ನೋಡಲ್ಲ. ನಿಮ್ಮ ಪಾಸ್‌ಪೋರ್ಟ್ ನೋಡ್ತಾರೆ. ಭಾಷೆ ಕಲಿಸುವ ವಿದೇಶಿಯರು ತಾತ್ವಿಕವಾಗಿ ತಮ್ಮ ಮಾತೃಭಾಷೆಯನ್ನೇ ಕಲಿಸಬೇಕು, ಪದವಿಯೂ ಆ ಭಾಷೆಯ ದೇಶದ್ದೇ ಆಗಿರಬೇಕು ಅಂತ ನಿಯಮ. ಅಧಿಕಾರಿಗಳು ಇದನ್ನು ಅರ್ಥ ಮಾಡಿಕೊಳ್ಳೋದು ಹೀಗೆ: ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ. ಆ ಪಟ್ಟಿಯಲ್ಲಿ ನಾವಿಲ್ಲ. ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಸ್ವಲ್ಪ ಹೆಚ್ಚುಕಮ್ಮಿ ಇದೆ, ಆದರೆ ಅದನ್ನೇ ನಂಬಿ ಮನೆ ಬಿಡಬೇಡಿ.

ಅದಕ್ಕೇ ನಿಮ್ಮ ಏಜೆಂಟ್ ಬಿಸಿನೆಸ್ ವೀಸಾ ಅಂತಿರೋದು. ಇಂಗ್ಲಿಷ್ ಶಿಕ್ಷಕ ಅಂತ ನಿಮಗೆ ಪರ್ಮಿಟ್ ತೆಗೆಸೋದು ಅವನಿಂದ ಆಗಲ್ಲ, ಅದು ಅವನಿಗೂ ಗೊತ್ತು.

ಕೆಂಪು ಎಲೆ:

ಮೇಲಿನವರ ಮಾತಿಗೆ ನಾನೇ ಸಾಕ್ಷಿ. ಹುಟ್ಟಿದ್ದು ಉಡುಪಿ, ಬೆಳೆದದ್ದು ಟೊರಾಂಟೊ, ಪಾಸ್‌ಪೋರ್ಟ್ ಕೆನಡಾದ್ದು. ಓದಿದ್ದು ಕಾಮರ್ಸ್. ಆನ್‌ಲೈನಲ್ಲಿ 120 ಗಂಟೆಯ ಟೆಫೆಲ್ (ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್ ಮಾಡಿಕೊಂಡು 2018ರಲ್ಲಿ ಚೆಂಗ್ಡುವಿನ ಟ್ಯೂಷನ್ ಸೆಂಟರ್ ಒಂದಕ್ಕೆ ಸೇರಿದೆ. 18,000 ಯುವಾನ್ ಕೊಟ್ಟರು. ನನ್ನ ದೊಡ್ಡಪ್ಪನ ಮಗಳು ಇಂಗ್ಲಿಷ್ ಎಂಎನಲ್ಲಿ ಫಸ್ಟ್ ಕ್ಲಾಸ್, ಹತ್ತು ವರ್ಷ ಪಾಠ ಮಾಡಿದವಳು. ಅದೇ ಸೆಂಟರ್‌ಗೆ ಅರ್ಜಿ ಹಾಕಿದಳು. ಇಂಟರ್ವ್ಯೂಗೂ ಕರೆಯಲಿಲ್ಲ. ಮುಖ ಇಬ್ಬರದೂ ಒಂದೇ, ಉಚ್ಚಾರ ಅವಳದ್ದೇ ವಾಸಿ.

ಹಾಗಂತ ನಮ್ಮಂಥವರಿಗೂ ಹಾಲುಜೇನಿನ ಕಾಲ ಮುಗಿದಿದೆ. 2021ರ ಜುಲೈನಲ್ಲಿ ಸರ್ಕಾರ 'ಡಬಲ್ ರಿಡಕ್ಷನ್' ನೀತಿ ತಂತು. ಮಕ್ಕಳ ಹೋಂವರ್ಕ್ ಹೊರೆಯನ್ನೂ ಟ್ಯೂಷನ್ ಹೊರೆಯನ್ನೂ ಇಳಿಸೋದು ಅಂತ. ಶಾಲಾ ವಿಷಯಗಳ ಟ್ಯೂಷನ್‌ನಿಂದ ಲಾಭ ಮಾಡೋ ಹಾಗಿಲ್ಲ, ಶನಿವಾರ ಭಾನುವಾರ, ರಜಾದಿನ ಪಾಠ ಮಾಡೋ ಹಾಗಿಲ್ಲ, ಬೇರೆ ದೇಶದಲ್ಲಿ ಕೂತು ಆನ್‌ಲೈನ್ ಪಾಠ ಮಾಡೋರನ್ನು ಇಟ್ಟುಕೊಳ್ಳೋ ಹಾಗಿಲ್ಲ. ನಮ್ಮ ಸಂಪಾದನೆಯೆಲ್ಲಾ ಇದ್ದದ್ದೇ ಶನಿವಾರ ಭಾನುವಾರ! ವಾಲ್ ಸ್ಟ್ರೀಟ್ ಇಂಗ್ಲಿಷ್‌ನ ಚೀನಾ ವ್ಯವಹಾರ ಆಗಸ್ಟ್ ಹೊತ್ತಿಗೇ ಮುಳುಗಿತು. ನ್ಯೂ ಓರಿಯೆಂಟಲ್ ಅಂತ ದೊಡ್ಡ ಕಂಪನಿ 60,000 ಜನರನ್ನು ಮನೆಗೆ ಕಳಿಸಿತು. ನಾನಿದ್ದ ಸೆಂಟರ್ ಒಂದು ಸೋಮವಾರ ಬಾಗಿಲು ತೆಗೆಯಲೇ ಇಲ್ಲ. ವೀಚಾಟ್ (ಅಲ್ಲಿನ ವಾಟ್ಸಾಪ್) ಗುಂಪಿನಿಂದ ಮ್ಯಾನೇಜರ್ ಹೊರಗೆ ಹೋದ. ಎರಡು ತಿಂಗಳ ಸಂಬಳ ಇವತ್ತಿಗೂ ಬಂದಿಲ್ಲ. ಬಾಗಿಲ ಮುಂದೆ ಮುಂಗಡ ಫೀಸು ಕಟ್ಟಿದ್ದ ಅಜ್ಜ ಅಜ್ಜಿಯರು ಸಾಲು ನಿಂತಿದ್ದರು. ಅವರದ್ದೂ ಬಂದಿರಲಿಕ್ಕಿಲ್ಲ.

ಈಗ ಸರ್ಕಾರಿ ಹೈಸ್ಕೂಲಿನಲ್ಲಿದ್ದೇನೆ. 17,000, ಮನೆ ಅವರದೇ. ಏಳು ವರ್ಷದ ಹಿಂದಿನ ಸಂಬಳಕ್ಕಿಂತ ಕಡಿಮೆ ನೋಡಿ.

ಶಾಂಘೈ ಸೊಸೆ:

ಶಿಶುವಿಹಾರದ ಬಗ್ಗೆ ಇನ್ನೊಂದು ಮಾತು. ಇಲ್ಲಿ ಮಕ್ಕಳೇ ಹುಟ್ಟುತ್ತಿಲ್ಲ. 2016ರಲ್ಲಿ 1 ಕೋಟಿ 78 ಲಕ್ಷ ಮಕ್ಕಳು ಹುಟ್ಟಿದ್ದರು, 2023ರಲ್ಲಿ 90 ಲಕ್ಷ. 2023 ಒಂದೇ ವರ್ಷದಲ್ಲಿ ದೇಶದಲ್ಲಿ 14,000ಕ್ಕೂ ಜಾಸ್ತಿ ಶಿಶುವಿಹಾರ ಕಡಿಮೆಯಾದವು. ನಮ್ಮ ಅಪಾರ್ಟ್‌ಮೆಂಟ್ ಎದುರಿಗಿದ್ದದ್ದು ಈಗ ವಯಸ್ಸಾದವರ ಡೇ ಕೇರ್ ಆಗಿದೆ. ಗೋಡೆ ಮೇಲೆ ಬರೆದ ಜಿರಾಫೆ ಹಾಗೇ ಇದೆ, ಕೆಳಗೆ ತಾತಂದಿರು ಇಸ್ಪೀಟು ಆಡ್ತಾ ಕೂತಿರ್ತಾರೆ. ಅಂಥ ಉದ್ಯಮಕ್ಕೆ 1.8 ಲಕ್ಷ ಕೊಟ್ಟು ಸೇರೋದಾ ಅಂತ ಯೋಚನೆ ಮಾಡಿ.

ಲೆಕ್ಕದ ಪುಸ್ತಕ:

ವೀಸಾ ವಿಷಯ ಗೊತ್ತಿರೋರು ಹೇಳಿದ್ದಾರೆ. ಮೇಷ್ಟ್ರು ಕೇಳಿದ್ದು ಕೈಯಲ್ಲಿ ಎಷ್ಟು ಉಳಿಯುತ್ತೆ ಅಂತ. ನಾನು ಬೆಂಗಳೂರಲ್ಲಿ ಸಿಎ, ಹೊರದೇಶಕ್ಕೆ ಹೋಗೋರ ಫೈಲುಗಳನ್ನು ನೋಡ್ತೀನಿ. ಎಲ್ಲಾ ಕಾನೂನು ಪ್ರಕಾರ ನಡೆಯಿತು ಅಂತ ಇಟ್ಟುಕೊಂಡು ಆ 16,000 ಯುವಾನನ್ನೇ ಒಡೆದು ನೋಡೋಣ.

ಚೀನಾದಲ್ಲಿ ವರ್ಷಕ್ಕೆ 60,000 ಯುವಾನ್‌ವರೆಗೆ ತೆರಿಗೆ ಇಲ್ಲ. ಅದರ ಮೇಲಿನ ಮೊದಲ 36,000ಕ್ಕೆ 3%, 1,44,000ವರೆಗೆ 10%, 3 ಲಕ್ಷದವರೆಗೆ 20%, ಹೀಗೆ 45%ವರೆಗೂ ಹೋಗುತ್ತೆ. ಇದಲ್ಲದೆ ವಿದೇಶಿ ಕೆಲಸಗಾರರೂ 2011ರಿಂದ ಸಾಮಾಜಿಕ ವಿಮೆಗೆ ಸೇರಬೇಕು. ನೌಕರರ ಪಾಲು ಪಿಂಚಣಿಗೆ 8%, ಆರೋಗ್ಯಕ್ಕೆ 2%, ನಿರುದ್ಯೋಗಕ್ಕೆ ಅರ್ಧ ಪರ್ಸೆಂಟ್ ಆಸುಪಾಸು. ಎಲ್ಲಾ ಊರಲ್ಲೂ ಇದನ್ನು ಒಂದೇ ಥರ ವಸೂಲಿ ಮಾಡಲ್ಲ, ಆದರೂ ಹಿಡಿಯೋಣ.

16,000ದಲ್ಲಿ ವಿಮೆಗೆ 1,680 ಹೋಯಿತು. ತೆರಿಗೆ ವರ್ಷಕ್ಕೆ 8,664, ಅಂದರೆ ತಿಂಗಳಿಗೆ ಸರಾಸರಿ 722. ಕೈಗೆ ಬರೋದು ಸುಮಾರು 13,600. ಇಲ್ಲಿ ಒಂದು ಸೂಕ್ಷ್ಮ ಇದೆ. ಅವರು ತೆರಿಗೆ ಹಿಡಿಯೋದು ಜನವರಿಯಿಂದ ಕೂಡಿಸಿಕೊಂಡು. ಹಾಗಾಗಿ ವರ್ಷದ ಮೊದಲ ಮೂರು ತಿಂಗಳು 280 ಯುವಾನ್ ಹಿಡೀತಾರೆ, ಮೇ ತಿಂಗಳಿಂದ 932. ಸಂಬಳ ಕಡಿಮೆ ಮಾಡಿದರು ಅಂತ ಜಗಳಕ್ಕೆ ಹೋದವರನ್ನು ನೋಡಿದ್ದೇನೆ.

ಖರ್ಚಿನ ಅಂದಾಜು ಅಲ್ಲಿರೋರು ಹೇಳಲಿ. ನನ್ನ ಪ್ರಕಾರ ಝೆಂಗ್‌ಝೌದಂಥ ಊರಲ್ಲಿ ಒಬ್ಬರಿಗೆ 6,500 ಸಾಕು. ಉಳಿದದ್ದು 7,000 ಯುವಾನ್, ಅಂದರೆ 84,000 ರೂಪಾಯಿ. ಕಡಿಮೆ ಅಲ್ಲ. ಆದರೆ ಮೊದಲ ವರ್ಷದಲ್ಲಿ ಏಜೆಂಟ್ ಫೀಸು, ಟಿಕೆಟ್ಟು, ಬಾಡಿಗೆ ಮುಂಗಡ ಎಲ್ಲಾ ಕಳೆದರೆ ನಾಲ್ಕೈದು ತಿಂಗಳ ಉಳಿತಾಯ ಅಲ್ಲಿಗೇ ಸರಿಯಾಗುತ್ತೆ. ಕಾಂಟ್ರಾಕ್ಟು 12 ತಿಂಗಳಿಗಾ, 10 ತಿಂಗಳಿಗಾ ಅಂತಲೂ ನೋಡಿ. ಬೇಸಿಗೆ ರಜೆಗೆ ಸಂಬಳ ಕೊಡದೇ ಇರೋ ಶಾಲೆಗಳು ಇವೆ. ಅತಿಥಿ ಉಪನ್ಯಾಸಕರಿಗೆ ಆ ಕಷ್ಟ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅತಿಥಿ ಮೇಷ್ಟ್ರು:

ಅಬ್ಬಾ, ಇಷ್ಟು ಬೇಗ ಇಷ್ಟು ಉತ್ತರ ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಧನ್ಯವಾದ. ಎರಡು ಪ್ರಶ್ನೆ. ಬಾಡಿಗೆ ಮುಂಗಡ ಅಷ್ಟೊಂದಾ? ಮತ್ತೆ ಆ ಪಿಂಚಣಿ ದುಡ್ಡು ಹೋದ ಹಾಗೇನಾ?

ಲೆಕ್ಕದ ಪುಸ್ತಕ:

ಪಿಂಚಣಿಯಲ್ಲಿ ನಿಮ್ಮ 8% ನಿಮ್ಮ ಹೆಸರಿನ ಖಾತೆಯಲ್ಲಿ ಇರುತ್ತೆ. ದೇಶ ಬಿಟ್ಟು ಬರುವಾಗ ಅರ್ಜಿ ಹಾಕಿ ತೆಗೆದುಕೊಳ್ಳಬಹುದು. 16,000 ಸಂಬಳಕ್ಕೆ ವರ್ಷಕ್ಕೆ 15,360 ಯುವಾನ್, ಹೆಚ್ಚುಕಮ್ಮಿ 1.84 ಲಕ್ಷ ರೂಪಾಯಿ. ಕಂಪನಿ ಕಟ್ಟಿದ ಪಾಲು ಸಿಗಲ್ಲ. ಎಷ್ಟೋ ಜನ ವಿಮಾನ ಹತ್ತೋ ಗಡಿಬಿಡಿಯಲ್ಲಿ ಇದನ್ನು ಕೇಳದೇ ಬಂದುಬಿಡ್ತಾರೆ. ಬಿಡಬೇಡಿ. ಜರ್ಮನಿ, ಜಪಾನ್ ಜೊತೆ ನಮಗೆ ಸಾಮಾಜಿಕ ಭದ್ರತಾ ಒಪ್ಪಂದ ಇದೆ, ಚೀನಾ ಜೊತೆ ಇಲ್ಲ. ಹಾಗಾಗಿ ಊರಿನ ಪಿಎಫ್ ತೋರಿಸಿ ತಪ್ಪಿಸಿಕೊಳ್ಳೋಕೂ ಆಗಲ್ಲ.

ಭಾರತದಲ್ಲಿ ಆ ಸಂಬಳಕ್ಕೆ ತೆರಿಗೆ ಬರಬಾರದು ಅಂದರೆ ನೀವು ಆ ಆರ್ಥಿಕ ವರ್ಷದಲ್ಲಿ ಎನ್‌ಆರ್‌ಐ ಆಗಿರಬೇಕು. ಕೆಲಸಕ್ಕೆ ಅಂತ ಹೊರಡುವ ವರ್ಷ, ಭಾರತದಲ್ಲಿ ಇದ್ದ ದಿನಗಳು 182 ಮುಟ್ಟಬಾರದು. ಆಗಸ್ಟಿನಲ್ಲಿ ಹೊರಟರೆ ಆರಾಮ. ದುಡ್ಡನ್ನು ಎನ್‌ಆರ್‌ಇ ಖಾತೆಗೆ (ಎನ್‌ಆರ್‌ಐಗಳು ಹೊರದೇಶದ ದುಡಿಮೆ ಇಡುವ ಖಾತೆ) ಕಳಿಸಿ, ಬಡ್ಡಿಗೂ ತೆರಿಗೆ ಇಲ್ಲ. ಊರಿನ ಸಾಮಾನ್ಯ ಉಳಿತಾಯ ಖಾತೆಗೇ ಕಳಿಸ್ತಾ ಇರೋದು ಸರಿಯಲ್ಲ.

ಶಾಂಘೈ ಸೊಸೆ:

ಬಾಡಿಗೆಗೆ ಇಲ್ಲಿನ ರೂಢಿ ಒಂದು ತಿಂಗಳ ಡೆಪಾಸಿಟ್, ಮೂರು ತಿಂಗಳ ಬಾಡಿಗೆ ಮುಂಚಿತ. ಒಟ್ಟು ನಾಲ್ಕು ತಿಂಗಳದ್ದು ಒಂದೇ ಸಲ. ಅದರ ಮೇಲೆ ಬ್ರೋಕರ್ ಕಮಿಷನ್. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದೇನು ಅನಿಸಬಹುದು, ಆದರೆ ಮೊದಲ ಸಂಬಳ ಬರೋದು ಮುಂದಿನ ತಿಂಗಳ ಹತ್ತಕ್ಕೋ ಹದಿನೈದಕ್ಕೋ. ಅಲ್ಲಿಯವರೆಗೂ ಕೈಯಿಂದಲೇ ಹಾಕಬೇಕು. ಝೆಂಗ್‌ಝೌದಲ್ಲಿ 2,000 ಯುವಾನ್‌ಗೆ ಒಳ್ಳೆ ಮನೆ ಸಿಗುತ್ತೆ. ಶಾಂಘೈನಲ್ಲಿ ಮೆಟ್ರೋ ಹತ್ತಿರ ಒಂದು ರೂಮಿನ ಮನೆಗೆ 5,000ದಿಂದ 8,000. ಸಂಬಳ ಜಾಸ್ತಿ ಅಂತ ಶಾಂಘೈಗೆ ಬರೋರು ಇದನ್ನೇ ಮರೀತಾರೆ.

ಹೊಸ ಮನೆಗೆ ಹೋದ 24 ಗಂಟೆಯೊಳಗೆ ಪೊಲೀಸ್ ಠಾಣೆಯಲ್ಲಿ ಹೆಸರು ನೋಂದಾಯಿಸಬೇಕು. ಹೆದರಬೇಡಿ, ಹತ್ತು ನಿಮಿಷದ ಕೆಲಸ.

ಊಟಕ್ಕೆ ಶಾಲೆಯ ಕ್ಯಾಂಟೀನ್ ಬಲು ಅಗ್ಗ. ಆದರೆ ಸಸ್ಯಾಹಾರಿ ಆದರೆ ಕಷ್ಟ ಇದೆ. ಸೊಪ್ಪಿನ ಪಲ್ಯ ಅಂತ ಹಾಕಿಸಿಕೊಂಡರೆ ಕೊಬ್ಬಿನಲ್ಲಿ ಹುರಿದಿರ್ತಾರೆ, ತೋಫು ತಟ್ಟೆಯಲ್ಲಿ ಖೀಮಾ ಸಿಗುತ್ತೆ. ಕುಕ್ಕರ್ ಒಂದು ಊರಿಂದ ತನ್ನಿ, ಉಳಿದದ್ದೆಲ್ಲಾ ಟಾವ್‌ಬಾವ್ ಅನ್ನೋ ಆನ್‌ಲೈನ್ ಅಂಗಡಿಯಿಂದ ಮನೆ ಬಾಗಿಲಿಗೆ ಬರುತ್ತೆ. ತೊಗರಿಬೇಳೆ ಮಾತ್ರ ಊರಿನ ದರದ ದುಪ್ಪಟ್ಟು.

ಕೆಂಪು ಎಲೆ:

ಹೀಟರ್ ಮರೆತಿರಿ ಅಕ್ಕ. ಝೆಂಗ್‌ಝೌ ಹುವಾಯ್ ನದಿಯ ಉತ್ತರಕ್ಕೆ, ಅಲ್ಲಿ ಚಳಿಗಾಲದಲ್ಲಿ ಊರಿಗೆಲ್ಲಾ ಒಟ್ಟಿಗೆ ಪೈಪಿನಲ್ಲಿ ಬಿಸಿ ಬರುತ್ತೆ. ನಮ್ಮ ಚೆಂಗ್ಡು ದಕ್ಷಿಣಕ್ಕೆ. ಇಲ್ಲಿ ಆ ಭಾಗ್ಯ ಇಲ್ಲ. ಜನವರಿಯಲ್ಲಿ ಕ್ಲಾಸಿನಲ್ಲಿ ಮಕ್ಕಳೂ ನಾನೂ ಜಾಕೆಟ್ ಹಾಕಿಕೊಂಡೇ ಪಾಠ. ಮನೆಯಲ್ಲಿ ಎಸಿ ಬಿಸಿಗೆ ಹಾಕಿದರೆ ಕರೆಂಟ್ ಬಿಲ್ಲು ಕಣ್ಣಿಗೆ ಕಾಣುತ್ತೆ.

ಚಾಮುಂಡಿ ತಪ್ಪಲು:

ನಾನು ಮೈಸೂರಿನವನು, ಗುವಾಂಗ್‌ಝೌದಲ್ಲಿ ಯೋಗ ಹೇಳಿಕೊಡ್ತೇನೆ. ನಮ್ಮ ಕಡೆಯ ಯೋಗ ಮೇಷ್ಟ್ರುಗಳು ಚೀನಾದಲ್ಲಿ ಬಹಳ ಜನ ಇದ್ದಾರೆ. ಯೋಗಕ್ಕೆ ಭಾರತದ ಪಾಸ್‌ಪೋರ್ಟ್ ಇದ್ದರೇ ಬೆಲೆ, ಇಂಗ್ಲಿಷ್‌ಗೆ ಅದೇ ಪಾಸ್‌ಪೋರ್ಟ್ ಅಡ್ಡಿ. ತಮಾಷೆ ಅಲ್ವಾ.

ವೀಸಾ ಬಗ್ಗೆ ಕೇಳಿ. ನನ್ನ ರೂಮಲ್ಲಿದ್ದ ಹುಡುಗ ಸ್ಟೂಡೆಂಟ್ ವೀಸಾದಲ್ಲಿ ಬಂದವನು, ಮೆಡಿಕಲ್ ಓದ್ತಿದ್ದ. ಪಾಕೆಟ್ ಮನಿಗೆ ಅಂತ ಒಂದು ಶಿಶುವಿಹಾರದಲ್ಲಿ ಇಂಗ್ಲಿಷ್ ಹೇಳಿಕೊಡ್ತಿದ್ದ. ಗಂಟೆಗೆ ಒಳ್ಳೆ ದುಡ್ಡು, ಕೈಗೇ ಕೊಡೋರು. ಒಂದು ಬೆಳಿಗ್ಗೆ ಪೊಲೀಸರು ಬಂದರು. ಮಕ್ಕಳ ಜೊತೆ ಹಾಡು ಹೇಳ್ತಾ ನಿಂತಿದ್ದ ಫೋಟೋ ಶಾಲೆಯವರೇ ವೀಚಾಟಲ್ಲಿ ಜಾಹೀರಾತಿಗೆ ಹಾಕಿದ್ದರು, ಅದೇ ಸಾಕ್ಷಿ. ದಂಡ ಕಟ್ಟಿದ, ಕಾಲೇಜಿನಿಂದ ಹೊರಗೆ ಹಾಕಿದರು, ಊರಿಗೆ ಹೋದ. ನಾಲ್ಕನೇ ವರ್ಷದ ಎಂಬಿಬಿಎಸ್ ಅಲ್ಲಿಗೇ ನಿಂತಿತು. ಅವರಪ್ಪ ಜಮೀನು ಅಡ ಇಟ್ಟು ಕಳಿಸಿದ್ದರು.

ಇನ್ನೊಂದು ಥರದ ಮೋಸವೂ ಇದೆ. ಝಡ್ ವೀಸಾನೇ ಕೊಡಿಸ್ತಾರೆ, ಆದರೆ ಯಾವುದೋ ಟ್ರೇಡಿಂಗ್ ಕಂಪನಿಯ ಮ್ಯಾನೇಜರ್ ಅಂತ. ಪಾಠ ಮಾಡಿಸೋದು ಬೇರೆ ಕಡೆ. ಪರ್ಮಿಟ್‌ನಲ್ಲಿ ಇರೋ ಕಂಪನಿ ಬಿಟ್ಟು ಬೇರೆ ಕಡೆ ಕೆಲಸ ಮಾಡಿದರೆ ಅದೂ ಕಾನೂನುಬಾಹಿರವೇ.

ಸುಮ್ನೆ ಓದುಗ:

ಇದೆಲ್ಲಾ ಬಿಟ್ಟು ಗಲ್ಫ್‌ಗೆ ಹೋಗಬಹುದಲ್ವಾ? ಸಿಬಿಎಸ್‌ಇ ಶಾಲೆಗಳು ತುಂಬಾ ಇವೆ, ಇಂಗ್ಲಿಷ್ ಮೇಷ್ಟ್ರಿಗೆ ಪಾಸ್‌ಪೋರ್ಟ್ ತಕರಾರು ಇಲ್ಲ, ದೋಸೆ ಸಿಗುತ್ತೆ.

ತುಂಗಾತೀರ:

ಹೋಗಬಹುದು. ತೆರಿಗೆಯೂ ಇಲ್ಲ. ಆದರೆ ಅಲ್ಲಿನ ಭಾರತೀಯ ಶಾಲೆಗಳ ಸಂಬಳ ಕಡಿಮೆ, ಬಾಡಿಗೆ ಜಾಸ್ತಿ. ಬಿ.ಎಡ್ ಕೇಳ್ತಾರೆ. ಮೇಷ್ಟ್ರು ಬಿ.ಎಡ್ ಮಾಡಿದ ಹಾಗೆ ಕಾಣಲ್ಲ.

ಈಗ ನಾನು ಬಂದ ದಾರಿ ಹೇಳ್ತೀನಿ, ಯಾಕಂದ್ರೆ ಭಾರತೀಯರಿಗೆ ದುಡ್ಡು ಉಳಿಯೋದು ಇದರಲ್ಲೇ. ಚೀನಾದ ದೊಡ್ಡ ಊರುಗಳಲ್ಲಿ ಇಂಟರ್‌ನ್ಯಾಷನಲ್ ಶಾಲೆಗಳು, ಹೈಸ್ಕೂಲುಗಳ ಇಂಟರ್‌ನ್ಯಾಷನಲ್ ವಿಭಾಗಗಳು ಬಹಳ ಇವೆ. ಅಲ್ಲಿಗೆ ಮಕ್ಕಳನ್ನು ಸೇರಿಸೋರು, ಗಾವೊಕಾವ್ ಅನ್ನೋ ಕಾಲೇಜು ಪ್ರವೇಶ ಪರೀಕ್ಷೆಯಿಂದ ಮಗುವನ್ನು ತಪ್ಪಿಸಿ ಹೊರದೇಶಕ್ಕೆ ಕಳಿಸಬೇಕು ಅಂತ ಇರೋ ಅಪ್ಪ ಅಮ್ಮ. ಅಲ್ಲಿ ಗಣಿತ, ಫಿಸಿಕ್ಸ್, ಕೆಮಿಸ್ಟ್ರಿ, ಎಕನಾಮಿಕ್ಸ್, ಕಂಪ್ಯೂಟರ್ ಸೈನ್ಸ್ ಇಂಗ್ಲಿಷಿನಲ್ಲಿ ಪಾಠ ಮಾಡೋರು ಬೇಕು. ಇದಕ್ಕೆ ಮಾತೃಭಾಷೆಯ ನಿಯಮ ಅಡ್ಡ ಬರಲ್ಲ. ಆ ವಿಷಯದಲ್ಲಿ ಪದವಿ, ಎರಡು ವರ್ಷದ ಅನುಭವ, 60ರ ಒಳಗಿನ ವಯಸ್ಸು, ಪೊಲೀಸ್ ಕ್ಲಿಯರೆನ್ಸ್, ಜೊತೆಗೆ ಬಿ.ಎಡ್ ಇದ್ದರೆ ಶಾಲೆಯವರು ಖುಷಿಯಿಂದ ತಗೋತಾರೆ. ಪರ್ಮಿಟ್ ವೃತ್ತಿಪರರ 'ಬಿ' ವರ್ಗದಲ್ಲಿ ಸಲೀಸಾಗಿ ಆಗುತ್ತೆ.

ನನಗೆ 24,000 ಯುವಾನ್, ಜೊತೆಗೆ ಮನೆ ಬಾಡಿಗೆ ಭತ್ಯೆ. ವಿಮೆ, ತೆರಿಗೆ ಹೋಗಿ 19,600 ಹತ್ತಿರ ಕೈಗೆ. ಭತ್ಯೆಗೆ ತೆರಿಗೆ ಇಲ್ಲ, ಆ ರಿಯಾಯಿತಿ ವಿದೇಶಿಯರಿಗೆ 2027ರ ಕೊನೆಯವರೆಗೆ ಇದೆ. ಆದರೆ ಅದಕ್ಕೆ ಮನೆ ಮಾಲೀಕನಿಂದ ಫಾಪಿಯಾವ್ ಅನ್ನೋ ಸರ್ಕಾರಿ ರಸೀದಿ ತರಬೇಕು. ರಸೀದಿ ಕೊಟ್ಟರೆ ಮಾಲೀಕ ತೆರಿಗೆ ಕಟ್ಟಬೇಕು, ಅವನಿಗೆ ಮನಸ್ಸಿಲ್ಲ. ನನ್ನ ಮನೆ ಯಜಮಾನಿ ಪ್ರತಿ ಸಲ ಒಂದೇ ಮಾತು: ರಸೀದಿ ಬೇಕಂದ್ರೆ ಬಾಡಿಗೆ 5% ಜಾಸ್ತಿ. ಕೊಟ್ಟೆ. ಆಮೇಲೂ ನನಗೆ ಲಾಭವೇ. ತೆರಿಗೆ ಆಫೀಸಿಗೆ ಇಬ್ಬರೂ ಒಟ್ಟಿಗೆ ಹೋಗ್ತೀವಿ, ಅವರು ದಾರಿಯುದ್ದಕ್ಕೂ ಗೊಣಗ್ತಾರೆ, ವಾಪಸ್ ಬರುವಾಗ ಕಿತ್ತಳೆ ಹಣ್ಣು ಕೊಡ್ತಾರೆ.

ತಿಂಗಳಿಗೆ 12,000 ಯುವಾನ್ ಉಳಿಯುತ್ತೆ. ಶಿವಮೊಗ್ಗದಲ್ಲಿ ಮನೆ ಸಾಲ ತೀರಿಸಿದ್ದು ಇದರಲ್ಲೇ.

ದುಡ್ಡು ಕಳಿಸೋಕೆ ಬ್ಯಾಂಕಿಗೆ ಪಾಸ್‌ಪೋರ್ಟ್, ಕಾಂಟ್ರಾಕ್ಟ್, ತೆರಿಗೆ ಕಟ್ಟಿದ ಸರ್ಟಿಫಿಕೇಟ್ ಕೊಂಡೊಯ್ಯಬೇಕು. ದಾಖಲೆ ಇಲ್ಲದಿದ್ದರೆ ದಿನಕ್ಕೆ 500 ಡಾಲರ್‌ನಷ್ಟು ಮಾತ್ರ ಬದಲಾಯಿಸಿ ಕೊಡ್ತಾರೆ. ಕೈಗೆ ಕ್ಯಾಶ್ ಕೊಡೋ ಕಡೆ ಕೆಲಸ ಮಾಡಿದರೆ ಇಲ್ಲೂ ಸಿಕ್ಕಿಕೊಳ್ತೀರಿ. ತೆರಿಗೆ ಪತ್ರ ಇಲ್ಲ ಅಂದ್ರೆ ದುಡ್ಡು ಚೀನಾದಲ್ಲೇ.

ಮತ್ತೆ ಮೇಷ್ಟ್ರೇ, ಒಂದು ಮಾತು ಕೇಳಲಾ? ನಿಮ್ಮ ಮನೆಯವರು ಫಿಸಿಕ್ಸ್ ಅಂದ್ರಲ್ಲ. ಬಿ.ಎಡ್ ಆಗಿದೆಯಾ?

ಅತಿಥಿ ಮೇಷ್ಟ್ರು:

ಆಗಿದೆ. ಎಂಎಸ್ಸಿ ಬಿ.ಎಡ್. ಎಂಟು ವರ್ಷ ಸರ್ವಿಸ್.

ತುಂಗಾತೀರ:

ಹಾಗಾದರೆ ಹೋಗಬೇಕಾದವರು ನೀವಲ್ಲ.

ಸುಮ್ನೆ ಓದುಗ:

😂 ಚರ್ಚೆ ಈಗ ಶುರುವಾಯಿತು.

ಶಾಂಘೈ ಸೊಸೆ:

ನಗೋ ವಿಷಯ ಅಲ್ಲ, ನಿಜ ಅದು. ನಮ್ಮ ಪರಿಚಯದ ಒಂದು ಮನೆಯಲ್ಲಿ ಹೆಂಡತಿ ಕೆಮಿಸ್ಟ್ರಿ ಟೀಚರ್, ಗಂಡ ಮನೆ ನೋಡಿಕೊಳ್ತಾರೆ. ಮೊದಲ ವರ್ಷ ಊರಿಂದ ಫೋನ್ ಬಂದರೆ ಅವರು 'ನಾನೂ ಕೆಲಸಕ್ಕೆ ಹೋಗ್ತಿದೀನಿ' ಅಂತಲೇ ಹೇಳೋರು. ಈಗ ಹೇಳಲ್ಲ.

ಆದರೆ ಒಂದು ಎಚ್ಚರ. ಜೊತೆಗೆ ಬರೋ ಗಂಡ, ಹೆಂಡತಿ, ಮಕ್ಕಳಿಗೆ ಸಿಗೋದು ಎಸ್1 ವೀಸಾ. ಅದರಲ್ಲಿ ಕೆಲಸ ಮಾಡೋ ಹಾಗಿಲ್ಲ. ಮನೆಪಾಠವೂ ಇಲ್ಲ. ಮತ್ತೆ ಮಗು. ಶಾಂಘೈನಲ್ಲಿ ಇಂಟರ್‌ನ್ಯಾಷನಲ್ ಶಾಲೆಯ ಫೀಸು ವರ್ಷಕ್ಕೆ 2 ಲಕ್ಷ ಯುವಾನ್ ದಾಟೋದೇ ಜಾಸ್ತಿ. ನಮ್ಮ ರೂಪಾಯಿಯಲ್ಲಿ 24 ಲಕ್ಷ! ಶಿಕ್ಷಕರ ಮಕ್ಕಳಿಗೆ ಫೀಸು ಮನ್ನಾ ಮಾಡೋ ಶಾಲೆಗಳಿವೆ. ಬಾಯಿಮಾತಿಗೆ ಒಪ್ಪಬೇಡಿ, ಕಾಂಟ್ರಾಕ್ಟಿನಲ್ಲಿ ಬರೆಸಿ. ಅದೊಂದು ಸಾಲು ಇಲ್ಲದಿದ್ದರೆ ಉಳಿತಾಯ ಅನ್ನೋದೇ ಇರಲ್ಲ.

ಲೆಕ್ಕದ ಪುಸ್ತಕ:

ಕೈ ಸುಮ್ಮನಿರಲ್ಲ, ಲೆಕ್ಕ ಹಾಕಿದೆ. ಮೇಡಂಗೆ ಊರಲ್ಲಿ ಎಷ್ಟು ಬರುತ್ತೆ ಗೊತ್ತಿಲ್ಲ, 26,000 ಅಂತ ಹಿಡೀತೀನಿ. ಮೇಷ್ಟ್ರದು 30,000ದ ಹಾಗೆ 10 ತಿಂಗಳು. ಇಬ್ಬರದೂ ಸೇರಿ ವರ್ಷಕ್ಕೆ 6 ಲಕ್ಷ 12 ಸಾವಿರ. ಇದು ಆದಾಯ, ಉಳಿತಾಯ ಅಲ್ಲ.

ಅಲ್ಲಿ ಮೇಡಂ ಒಬ್ಬರೇ ದುಡಿದು, 24,000 ಸಂಬಳ, ಮನೆ ಶಾಲೆಯದ್ದು, ಮಗಳ ಫೀಸು ಮನ್ನಾ ಅಂತಾದರೆ ಮೂರು ಜನಕ್ಕೆ ತಿಂಗಳಿಗೆ 9,000 ಖರ್ಚು ಮಾಡಿದರೂ 10,500 ಯುವಾನ್ ಮಿಗುತ್ತೆ. ವರ್ಷಕ್ಕೆ 15 ಲಕ್ಷ ರೂಪಾಯಿ. ಮೂರು ಟಿಕೆಟ್ಟು, ಊರಿನ ಸಣ್ಣಪುಟ್ಟದ್ದಕ್ಕೆ 2 ಲಕ್ಷ ತೆಗೆದರೂ 13. ಅಂದರೆ ಇಲ್ಲಿ ಇಬ್ಬರೂ ದುಡಿದದ್ದರ ಎರಡು ಪಟ್ಟು ಅಲ್ಲಿ ಒಬ್ಬರ ದುಡಿಮೆಯಲ್ಲಿ ಉಳಿತಾಯ.

ಮನ್ನಾ ಇಲ್ಲದಿದ್ದರೆ? ಸುಝೌದಲ್ಲೇ ಕಡಿಮೆ ಫೀಸಿನ ಶಾಲೆ ಸಿಕ್ಕು 1 ಲಕ್ಷ ಯುವಾನ್ ಅಂದರೂ ಮಿಗೋದು 26,000 ಯುವಾನ್. ಅದಕ್ಕೆ ಹಾಸನವೇ ಸಾಕು.

ಚಾಮುಂಡಿ ತಪ್ಪಲು:

ದಾಖಲೆ ವಿಷಯ ಕೇಳಿ. 2023ರ ನವೆಂಬರ್ 7ರಿಂದ ಚೀನಾ ಅಪಾಸ್ಟಿಲ್ ಒಪ್ಪಂದಕ್ಕೆ (ಒಂದೇ ಮುದ್ರೆಯಲ್ಲಿ ದಾಖಲೆ ಒಪ್ಪುವ ಒಪ್ಪಂದ) ಸೇರಿದೆ, ಆದರೆ ಭಾರತ ಮತ್ತು ಚೀನಾ ನಡುವೆ ಅದು ಅನ್ವಯ ಆಗಲ್ಲ. ಹಾಗಾಗಿ ಡಿಗ್ರಿ ಸರ್ಟಿಫಿಕೇಟ್ ಚೀನಾ ದೂತಾವಾಸದವರೆಗೂ ಹೋಗಿ ಮುದ್ರೆ ಹಾಕಿಸಿಕೊಂಡು ಬರಬೇಕು. ಮೊದಲು ರಾಜ್ಯದ ದೃಢೀಕರಣ, ಆಮೇಲೆ ನಮ್ಮ ವಿದೇಶಾಂಗ ಸಚಿವಾಲಯದ್ದು, ಕೊನೆಗೆ ದೂತಾವಾಸದ್ದು.  ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500. ಇದಕ್ಕೆ ಏಜೆಂಟ್‌ಗೆ ಹತ್ತಾರು ಸಾವಿರ ಕೊಡೋದು ಯಾಕೆ?

ವಿಮಾನ ಮಾತ್ರ ಈಗ ಸಲೀಸಾಗಿದೆ. ಐದು ವರ್ಷ ನೇರ ವಿಮಾನ ಇರಲಿಲ್ಲ, ಕೌಲಾಲಂಪುರ, ಬ್ಯಾಂಕಾಕ್ ಸುತ್ತಿ ಬರ್ತಿದ್ದೆವು. 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ಮತ್ತೆ ಶುರುವಾಯಿತು.

ಕೆಂಪು ಎಲೆ:

ಒಂದು ಭಿನ್ನ ಮಾತು. ಎಲ್ಲರೂ ಉಳಿತಾಯ ಉಳಿತಾಯ ಅಂತಿದ್ದೀರಿ. ಮೇಷ್ಟ್ರು ಅತಿಥಿ ಉಪನ್ಯಾಸಕರು, ಅವರ ಕೌನ್ಸೆಲಿಂಗ್‌ನಲ್ಲಿ ಸೇವೆ ಮಾಡಿದ ವರ್ಷಕ್ಕೆ ಅಂಕ ಇದೆ ಅಂತ ಕೇಳಿದ್ದೇನೆ. ಮೂರು ವರ್ಷ ಬಿಟ್ಟರೆ ವಾಪಸ್ ಬಂದಾಗ ಆ ಜಾಗ ಇರುತ್ತಾ? ಅದನ್ನೂ ಲೆಕ್ಕಕ್ಕೆ ಹಾಕಿ. ನಾನಂತೂ ಇಲ್ಲಿ ಕೂತು ಕೂತು ಕೆನಡಾದಲ್ಲಿ ಯಾವ ಕೆಲಸಕ್ಕೂ ಲಾಯಕ್ಕಿಲ್ಲದ ಹಾಗೆ ಆಗಿದ್ದೇನೆ. ಟ್ಯೂಷನ್ ಸೆಂಟರ್ ಅನುಭವವನ್ನು ಅಲ್ಲಿ ಯಾರೂ ಅನುಭವ ಅಂತ ಲೆಕ್ಕಕ್ಕೇ ತಗೊಳ್ಳಲ್ಲ.

ತುಂಗಾತೀರ:

ಅದು ಸರಿ. ಆದರೆ ಐಜಿಸಿಎಸ್‌ಇ, ಎ ಲೆವೆಲ್ (ಅದರ ಮುಂದಿನ, ನಮ್ಮ ಪಿಯು ಮಟ್ಟದ್ದು) ಪಾಠ ಮಾಡಿದ ಅನುಭವಕ್ಕೆ ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಬೆಲೆ ಇದೆ. ಮೇಡಂಗೆ ವಾಪಸ್ ಬಂದ ಮೇಲೂ ದಾರಿ ಇದೆ. ಮೇಷ್ಟ್ರಿಗೇ ಕಷ್ಟ.

ಹಾಸನದ ಫಿಸಿಕ್ಸ್:

ನಮಸ್ಕಾರ. ಮೇಲೆ ಎರಡು ದಿನದಿಂದ ಮಾತು ನಡೀತಾ ಇರೋದು ನನ್ನ ಬಗ್ಗೆ. ಯಜಮಾನರು ನಿನ್ನೆ ರಾತ್ರಿ ತೋರಿಸಿದರು.

ಲೆಕ್ಕದ ಪುಸ್ತಕದವರೇ, 26,000 ಅಂತ ಹೇಗೆ ಊಹಿಸಿದಿರೋ, 24,500 ನನ್ನ ಸಂಬಳ. ಅದರಲ್ಲಿ ಅರ್ಧ ಬ್ಯಾಂಕಿಗೆ, ಅರ್ಧ ಕವರಿನಲ್ಲಿ.

ನನಗಿರೋ ಪ್ರಶ್ನೆಗಳು ಬೇರೆ. ನಾನು ಪಿಯು ಸಿಲಬಸ್ ಬಿಟ್ಟು ಏನೂ ಮಾಡಿಲ್ಲ, ಎ ಲೆವೆಲ್ ಫಿಸಿಕ್ಸ್ ಪಾಠ ಮಾಡಲು ಎಷ್ಟು ತಯಾರಿ ಬೇಕು? ಯಾವ ತಿಂಗಳಲ್ಲಿ ಅರ್ಜಿ ಹಾಕಬೇಕು? ವಾರಕ್ಕೆ ಎಷ್ಟು ಪೀರಿಯಡ್? ಇಲ್ಲಿ ನನಗೆ 32 ಇದೆ. ಇಷ್ಟಕ್ಕೆ ಉತ್ತರ ಬಂದ ಮೇಲೆ ಮನೆಯಲ್ಲಿ ಮಾತಾಡ್ತೀವಿ. ಯಜಮಾನರಿಗೆ ಅಡುಗೆ ಬರುತ್ತೆ, ಆ ವಿಷಯದಲ್ಲಿ ಯಾರೂ ಚಿಂತೆ ಮಾಡಬೇಡಿ.

ತುಂಗಾತೀರ:

ಮೇಡಂ, ಸ್ವಾಗತ. ನಮ್ಮ ಸೆಕೆಂಡ್ ಪಿಯು ಫಿಸಿಕ್ಸ್ ಪಾಠ ಮಾಡಿದವರಿಗೆ ಎ ಲೆವೆಲ್ ವಿಷಯ ಕಷ್ಟ ಆಗಲ್ಲ. ಬೇರೆಯಾಗಿರೋದು ಪ್ರಶ್ನೆ ಕೇಳುವ ರೀತಿ. ಪ್ರಯೋಗದ ಪೇಪರ್ ಇದೆ, ಅಳತೆಯಲ್ಲಿ ಅನಿಶ್ಚಿತತೆ ಎಷ್ಟು ಅಂತ ಮಕ್ಕಳೇ ಲೆಕ್ಕ ಹಾಕಿ ಬರೆಯಬೇಕು. ಕೇಂಬ್ರಿಡ್ಜ್‌ನವರ ಹಳೆ ಪ್ರಶ್ನೆಪತ್ರಿಕೆಗಳು, ಮಾರ್ಕಿಂಗ್ ಸ್ಕೀಮ್ ಸಮೇತ, ಅವರ ಸೈಟಿನಲ್ಲೇ ಇವೆ. ಹತ್ತು ಪೇಪರ್ ಕೂತು ಮಾಡಿದರೆ ಡೆಮೊ ಕ್ಲಾಸಿಗೆ ತಯಾರು. ಡೆಮೊದಲ್ಲಿ ನಿಧಾನಕ್ಕೆ, ಸಣ್ಣ ಸಣ್ಣ ವಾಕ್ಯದಲ್ಲಿ ಮಾತಾಡಿ. ಮಕ್ಕಳಿಗೆ ಇಂಗ್ಲಿಷ್ ಎರಡನೇ ಭಾಷೆ.

ಆಗಸ್ಟ್ ಕೊನೆಗೆ ಶಾಲೆ ಶುರು. ನೇಮಕಾತಿ ಹಿಂದಿನ ನವೆಂಬರ್‌ನಿಂದಲೇ ನಡೆಯುತ್ತೆ, ಏಪ್ರಿಲ್ ಹೊತ್ತಿಗೆ ಒಳ್ಳೆ ಶಾಲೆಗಳು ಮುಗಿದಿರ್ತವೆ. ಪೀರಿಯಡ್ 18ರಿಂದ 22. ಆದರೆ ಬೆಳಿಗ್ಗೆಯಿಂದ ಸಂಜೆವರೆಗೂ ಆಫೀಸಿನಲ್ಲಿ ಕೂರಬೇಕು, ಪಾಠ ಇಲ್ಲ ಅಂತ ಮನೆಗೆ ಹೋಗೋ ಹಾಗಿಲ್ಲ.

ಕಾಂಟ್ರಾಕ್ಟಿನಲ್ಲಿ ಇನ್ನೊಂದು ನೋಡಿ. ಕೆಲಸ ಬಿಟ್ಟರೆ ರಿಲೀಸ್ ಲೆಟರ್ ಕೊಡ್ತಾರಾ ಅಂತ. ಅದು ಇಲ್ಲದೆ ಇನ್ನೊಂದು ಶಾಲೆಗೆ ಪರ್ಮಿಟ್ ವರ್ಗ ಆಗಲ್ಲ. ಅದನ್ನೇ ಹಿಡಿದುಕೊಂಡು ಹೆದರಿಸೋ ಶಾಲೆಗಳಿವೆ.

ನಿಮ್ಮ ಈಗಿನ ಕಾಲೇಜಿನಿಂದ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ತೆಗೆದುಕೊಳ್ಳಿ. ಸೇರಿದ ತಾರೀಖು, ವಿಷಯ, ಪೂರ್ತಿ ಅವಧಿಯ ಕೆಲಸ ಅಂತ ಸ್ಪಷ್ಟವಾಗಿ ಇರಬೇಕು. ಪರ್ಮಿಟ್ ಆಫೀಸಿನವರು ಫೋನ್ ಮಾಡಿ ಕೇಳೋದೂ ಉಂಟು.

ಅತಿಥಿ ಮೇಷ್ಟ್ರು:

ಏಜೆಂಟ್‌ಗೆ ಇವತ್ತು ಮೆಸೇಜ್ ಹಾಕಿದೆ. ಯಾವ ಸಂಸ್ಥೆಯ ಹೆಸರಲ್ಲಿ ಪರ್ಮಿಟ್, ನೋಟಿಫಿಕೇಶನ್ ಲೆಟರ್ ಹೊರಡೋ ಮುಂಚೆ ಕೊಡ್ತೀರಾ ಅಂತ. 'ಸರ್, ನೀವು ತುಂಬಾ ಪ್ರಶ್ನೆ ಕೇಳ್ತೀರಾ, ಸೀಟು ಬೇರೆಯವರಿಗೆ ಹೋಗುತ್ತೆ' ಅಂದ. ಹೋಗಲಿ ಅಂದೆ.

ಹಾಸನದ ಫಿಸಿಕ್ಸ್:

ತುಂಗಾತೀರ ಸರ್, ಧನ್ಯವಾದ. ಹಳೆ ಪೇಪರ್ ಎರಡು ಇಳಿಸಿಕೊಂಡೆ. ಮೊದಲನೆಯದರಲ್ಲಿ ಪ್ರಯೋಗದ ಭಾಗ ಬಿಟ್ಟು ಉಳಿದದ್ದು ಬಂತು. ಅನುಭವ ಪತ್ರ ಮಾತ್ರ ಯೋಚನೆ. ನಮ್ಮ ಆಡಳಿತ ಮಂಡಳಿಯವರು ಪತ್ರ ಅಂದ ತಕ್ಷಣ ಬಿಟ್ಟು ಹೋಗ್ತಾರೆ ಅಂತ ತಿಳಿದು ಮುಂದಿನ ವರ್ಷದ ಪೀರಿಯಡ್ ಕಿತ್ತುಕೊಳ್ತಾರೆ. ಬ್ಯಾಂಕಿಗೆ ಸಾಲಕ್ಕೆ ಬೇಕು ಅಂತ ಕೇಳಿದರೆ ಕೊಡಬಹುದಾ?

ಲೆಕ್ಕದ ಪುಸ್ತಕ:

ಕೊಡ್ತಾರೆ. ಆದರೆ ಸಾಲಕ್ಕೆ ಕೊಡೋ ಪತ್ರದಲ್ಲಿ ಸಂಬಳ ಅಷ್ಟೇ ಬರೀತಾರೆ, ವಿಷಯ ಬರೆಯಲ್ಲ. ಸಿಬಿಎಸ್‌ಇ ಶಾಲೆಗೆ ಪಾರ್ಟ್ ಟೈಂ ಮೌಲ್ಯಮಾಪನಕ್ಕೆ ಬೇಕು ಅಂತೆಲ್ಲಾ ಸುಳ್ಳು ಹೇಳೋಕೆ ಹೋಗಬೇಡಿ. ಬಿ.ಎಡ್ ಆದವರು ಸರ್ಕಾರಿ ನೇಮಕಾತಿಗೆ ಅರ್ಜಿ ಹಾಕೋದು ಸಹಜ, ಅದಕ್ಕೆ ಸೇವಾ ಪತ್ರ ಎಲ್ಲಾ ಕಾಲೇಜಿನಲ್ಲೂ ಕೇಳ್ತಾರೆ. ಮುಂದಿನ ನೇಮಕಾತಿಗೆ ನೀವು ನಿಜವಾಗಿ ಅರ್ಜಿ ಹಾಕಿ, ಅದನ್ನೇ ತೋರಿಸಿ ಪತ್ರ ತಗೊಳ್ಳಿ. ಮೂಲ ಪ್ರತಿ ಎರಡು ಮಾಡಿಸಿ.

ಹಾಸನದ ಫಿಸಿಕ್ಸ್:

ಸರಿ. ಹಾಗೇ ಮಾಡ್ತೀನಿ. ನವೆಂಬರ್‌ನಲ್ಲಿ ಅರ್ಜಿ ಹಾಕಿದ ಮೇಲೆ ಇಲ್ಲೇ ಬರೀತೀನಿ, ಯಾವ ಶಾಲೆ ಫೀಸು ಮನ್ನಾ ಬರೆದುಕೊಡುತ್ತೆ, ಯಾವುದು ಕೊಡಲ್ಲ ಅಂತ.